ಹತ್ತು ಕೈಯ ದೇವಿ, ಒಂದು ಕೈಯೂ ಬಾರದ ಚಿತ್ರಗಾರ

ತತ್ತ್ವ ಸಾಕು ಮಕ್ಕಳೇ. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಸಮಾಧಿಸ್ಥಿತಿಗೆ ಹೋಗಿದ್ದಾರೆ. ಇಷ್ಟು ವರ್ಷ ಮಠದಲ್ಲಿ ಕೂತರೂ ನನಗೆ ಸಿಗದ ಸ್ಥಿತಿ ಅದು. ಎಬ್ಬಿಸಬೇಡಿ, ಪಾಪ. ಕಥೆ ಶುರುವಾದರೆ ತಾವೇ ಏಳುತ್ತಾರೆ.

‘ಅಜ್ಜಾರ, ನಮ್ಮ ಚಿತ್ರಕಲಾ ಶಾಲಿ ಮಕ್ಕಳಿಗೆ ನಾಕು ಹಿತವಚನ ಹೇಳ್ರಿ’ ಅಂದರು ನಿಮ್ಮ ಮುಖ್ಯ ಗುರುಗಳು. ನಾಲ್ಕು ಹೇಳಿದರೆ ಪ್ರಸಾದದ ಸಾಲಿಗೆ ಹೋಗುವಷ್ಟರಲ್ಲಿ ಮೂರು ಮರೆಯುತ್ತೀರಿ, ಉಳಿದ ಒಂದನ್ನು ಪಕ್ಕದವನಿಗೆ ಹೇಳುತ್ತೀರಿ. ಅದಕ್ಕೇ ಹಿತವಚನ ಬೇಡ, ಒಂದು ಕಥೆ ಹೇಳುತ್ತೇನೆ.

ಯಾವುದೋ ಒಂದು ಊರು ಅಂತಿಟ್ಟುಕೊಳ್ಳಿ. ಊರು ಅಂದಮೇಲೆ ಅಲ್ಲೊಬ್ಬ ಸಾಹುಕಾರ ಇರಲೇಬೇಕು. ಸಾಹುಕಾರನಿಲ್ಲದ ಊರಿನಲ್ಲಿ ನಮ್ಮಂಥ ಪ್ರವಚನಕಾರರಿಗೆ ಕೆಲಸವಿಲ್ಲ. ಅವನಿಗೆ ಹೆಸರಿಡುವುದಿಲ್ಲ. ಹೆಸರಿಟ್ಟರೆ ನಿಮ್ಮಲ್ಲೇ ಯಾರಾದರೂ ‘ಅದು ನಮ್ಮ ಕಾಕಾ’ ಅಂತ ಜಗಳಕ್ಕೆ ಬರುತ್ತೀರಿ. ಆ ಸಾಹುಕಾರನಿಗೆ ಒಬ್ಬ ಮುದಿ ತಾಯಿ. ಅದೇ ಊರಿನಲ್ಲಿ ಒಬ್ಬ ಚಿತ್ರಗಾರ. ಕಥೆ ಈ ಚಿತ್ರಗಾರನದು. ಸಾಹುಕಾರ ಗೋಡೆ ಕೊಡುತ್ತಾನೆ, ಅಷ್ಟೇ.

ಚಿತ್ರಗಾರ ಚಿಕ್ಕವನಿದ್ದಾಗ ಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಹೆಡ್‌ಮಾಸ್ತರರ ಮುಖ ಬರೆದ. ಎಷ್ಟು ಸರಿಯಾಗಿ ಬರೆದನೆಂದರೆ, ಮಕ್ಕಳೆಲ್ಲ ಎದ್ದು ನಿಂತು ಗೋಡೆಗೆ ನಮಸ್ಕಾರ ಮಾಡಿದರು. ಹೆಡ್‌ಮಾಸ್ತರರು ಬೆತ್ತ ಹಿಡಿದು ಬಂದವರು, ಗೋಡೆಯ ಮೇಲಿನ ತಮ್ಮ ಮೀಸೆಯನ್ನು ನೋಡಿ, ಬೆತ್ತ ಕಂಕುಳಲ್ಲಿಟ್ಟು ಅಸಲು ಮೀಸೆಯನ್ನು ತಿದ್ದಿಕೊಂಡರು. ಊರು ಕೂಡಿತು. ‘ಇವಗ ಯಾರೂ ಕಲಿಸಿಲ್ಲ. ಹುಟ್ಟತಲೇ ಬಂದದ್ದು’ ಅಂದಿತು. ಅವತ್ತಿನಿಂದ ಅವನಿಗೆ ‘ಹುಟ್ಟು ಕಲಾವಿದ’ ಎಂದೇ ಹೆಸರು.

ನೋಡಿ, ಇಲ್ಲಿ ಸ್ವಲ್ಪ ಕಿವಿ ಕೊಡಿ. ಎಂಥ ಒಳ್ಳೆಯ ಮಾತು ಅನಿಸುತ್ತದೆ, ಅಲ್ಲವೇ? ಹೊಗಳಿಕೆ. ಬಂಗಾರದಂಥ ಹೊಗಳಿಕೆ. ಆದರೆ ಹುಟ್ಟುತ್ತಲೇ ಬಲ್ಲವನು ಅಂತ ಒಮ್ಮೆ ಹೆಸರಾದಮೇಲೆ ಆ ಹುಡುಗ ಏನನ್ನಾದರೂ ಕಲಿಯುವುದು ಹೇಗೆ? ಮೀನು ಈಜು ಕಲಿಯಲು ಬಾವಿಯ ಕಟ್ಟೆಯ ಮೇಲೆ ಸಾಲಿನಲ್ಲಿ ನಿಂತರೆ ನೀವು ಏನಂತೀರಿ? ‘ಇದು ಮೀನಲ್ಲ, ಏನೋ ಮೋಸ ಐತಿ’ ಅಂತೀರಿ. ಅವನಿಗೂ ಅದೇ ಭಯ.

ಅವನಿಗೆ ಮುಖ ಬರುತ್ತಿತ್ತು. ಮೂಗು, ಮೀಸೆ, ನೆರಿಗೆ, ಸೆರಗಿನ ಅಂಚು, ಎಲ್ಲ ಬರುತ್ತಿತ್ತು. ಕೈ ಬರುತ್ತಿರಲಿಲ್ಲ. ಒಂದು ಸಲ ಮದುಮಗನ ಚಿತ್ರ ಬರೆಯುವಾಗ ಹಾರ ಹಿಡಿದ ಕೈ ಬರೆಯಲು ಹೋದ. ಬಾಳೆಗೊನೆ ಬಂತು. ತಿದ್ದಿದ. ಗೊನೆ ಇನ್ನಷ್ಟು ಮಾಗಿತು. ಯಾರಾದರೂ ನೋಡಿದರೆ? ಹುಟ್ಟು ಕಲಾವಿದನ ಕುಂಚದಿಂದ ಬಾಳೆಹಣ್ಣು? ಕೂಡಲೇ ಒಂದು ಶಾಲು ಬರೆದು ಎರಡೂ ಗೊನೆಯನ್ನು ಮುಚ್ಚಿಬಿಟ್ಟ. ಬೀಗರು ಬಂದು ನೋಡಿ ಏನಂದರು ಗೊತ್ತೇ? ‘ಆಹಾ, ಶಾಲು ಭಾಳ ಚಂದ ಬಂದೈತಿ!’

ಮುಗಿಯಿತು. ಅವತ್ತಿನಿಂದ ಆ ಊರಿನಲ್ಲಿ ಯಾರ ಕೈಯೂ ಬೆಳಕು ಕಾಣಲಿಲ್ಲ.

ಪೈಲ್ವಾನನ ಚಿತ್ರ ಬರೆದ: ಎರಡೂ ಕೈ ಜೋಳದ ಚೀಲದೊಳಗೆ. ಎಮ್ಮೆ ಹಿಂಡುವ ಗೌಳಿಗಿತ್ತಿಯನ್ನು ಬರೆದ: ಕೈಯ ಮುಂದೆ ಸರಿಯಾಗಿ ಒಂದು ಕರು ಅಡ್ಡ ನಿಂತಿತ್ತು. ತಬಲಾ ಬಾರಿಸುವವನ ಚಿತ್ರದಲ್ಲಿ ತಬಲಾ ಇತ್ತು, ಬಾರಿಸುವವನೂ ಇದ್ದ, ಆದರೆ ಬೇರೆಯವರ ಹಾಡು ಕೇಳುತ್ತ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಕೂತಿದ್ದ. ಬಳೆಗಾರನನ್ನು ಬರೆದಾಗ ಬಳೆಗಳನ್ನೆಲ್ಲ ಕೊರಳಿಗೆ ಹಾಕಿದ. ವರನ ಕಡೆಯವರಿಗೆ ತೋರಿಸಲು ಕನ್ಯೆಯ ಚಿತ್ರ ಬರೆದುಕೊಟ್ಟಾಗಲಂತೂ ಅನಾಹುತವಾಯಿತು. ಅವರು ಹೇಳಿ ಕಳಿಸಿದರು: ‘ಮುಖ ಲಕ್ಷಣ ಐತ್ರಿ. ಆದ್ರ ಹುಡುಗಿಗೆ ಕೈ ಅದಾವೋ ಇಲ್ಲೋ ಅನ್ನೂದು ಮದಲ ತಿಳಿಸ್ರಿ.’

ನಗಬೇಡಿ. ನಗಿ, ಪರವಾಗಿಲ್ಲ. ಆದರೆ ಈ ನಗೆಯನ್ನು ಸ್ವಲ್ಪ ಉಳಿಸಿಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಊರಿನವರಿಗೆ ಅನುಮಾನ ಬರಲಿಲ್ಲವೇ ಅಂತ ಕೇಳುತ್ತೀರಿ. ಬರುವುದರಲ್ಲಿತ್ತು. ಅಷ್ಟರಲ್ಲಿ ಆ ಊರಿನ ಪಂಡಿತರು ಎದ್ದರು. ಪ್ರತಿ ಊರಿನಲ್ಲೂ ಒಬ್ಬ ಪಂಡಿತರಿರುತ್ತಾರೆ. ತಪ್ಪಿಗೆ ತತ್ತ್ವದ ಶಾಲು ಹೊದಿಸುವುದು ಅವರ ಕೆಲಸ. ಅವರು ಸಭೆಯಲ್ಲಿ ನಿಂತು, ‘ಕೈ ಎಂದರೆ ಕರ್ತೃತ್ವದ ಅಹಂಕಾರ. ನಾನು ಮಾಡಿದೆ ಎಂಬ ಭಾವ. ನಮ್ಮ ಕಲಾವಿದರು ಆ ಅಹಂಕಾರವನ್ನೇ ಮರೆಮಾಡಿದ್ದಾರೆ. ಇದು ಕೈಯಿಲ್ಲದಿರುವುದಲ್ಲ, ಕೈಯನ್ನು ಮೀರಿರುವುದು’ ಅಂದರು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಆಮೇಲೆ ಅಹಂಕಾರವಾದೀತು ಅಂತ ಕೆಳಗಿಳಿಸಿದರು.

ಅಲ್ಲಿಂದ ಮುಂದೆ ಊರಿಗೇ ಅದೊಂದು ನಡೆಯಾಗಿಬಿಟ್ಟಿತು. ದೊಡ್ಡ ಮನುಷ್ಯರು ಕೈ ಹೊರಗೆ ಕಾಣದ ಹಾಗೆ ಓಡಾಡತೊಡಗಿದರು. ಬಿರುಬೇಸಿಗೆಯಲ್ಲಿ ಶಾಲು ಹೊದ್ದರು. ದರ್ಜಿ ಅಂಗಿಯ ತೋಳನ್ನು ಮೊಳಕಾಲ ತನಕ ಇಳಿಬಿಟ್ಟ. ನೆಂಟರಿಗೆ ನಮಸ್ಕಾರವನ್ನು ಹುಬ್ಬಿನಲ್ಲೇ ಮಾಡುವ ಪದ್ಧತಿ ಬಂತು. ಮೂಗಿನ ಮೇಲೆ ನೊಣ ಕೂತರೆ ಊದಿ ಓಡಿಸುತ್ತಿದ್ದರು. ಊಟಕ್ಕೆ ಮಾತ್ರ ಎಲ್ಲರೂ ಅಹಂಕಾರಿಗಳಾಗುತ್ತಿದ್ದರು.

ಚಿತ್ರಗಾರ ಸುಖವಾಗಿದ್ದನೇ? ಮೇಲೆ ನೋಡಿದರೆ ಇದ್ದ. ಒಳಗೆ ಏನಾಗಿತ್ತೆಂದರೆ, ಅವನು ಚಿತ್ರ ಬರೆಯುವುದನ್ನೇ ನಿಲ್ಲಿಸಿದ್ದ. ಬರೀ ಬಚ್ಚಿಡುತ್ತಿದ್ದ. ಯಾರಾದರೂ ಚಿತ್ರ ಬರೆದುಕೊಡು ಅಂದಕೂಡಲೇ ಅವನ ತಲೆಗೆ ಮೊದಲು ಬರುತ್ತಿದ್ದದ್ದು ಮುಖವಲ್ಲ, ಬಣ್ಣವಲ್ಲ. ಈ ಕೈಯನ್ನು ಎಲ್ಲಿ ತುರುಕಲಿ ಎಂಬ ಚಿಂತೆ. ಬರೆಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ನೀವೇ ಹೇಳಿ.

ಹೀಗಿರುವಾಗ ಸಾಹುಕಾರ ಹೊಸ ಮನೆ ಕಟ್ಟಿಸಿದ. ಪಡಸಾಲೆಗೆ ಎತ್ತರದ ಬಿಳಿ ಗೋಡೆ. ಚಿತ್ರಗಾರನನ್ನು ಕರೆಸಿದ.

‘ನವರಾತ್ರಿ ಘಟ್ಟಾ ಹಾಕೂ ದಿನ ಊರಿಗೆಲ್ಲಾ ಊಟಾ ಇಟಗೊಂಡೀನಿ. ಅಷ್ಟ್ರಾಗ ಈ ಗ್ವಾಡಿ ತುಂಬ ದೇವಿ ಬರೀಬೇಕಪಾ. ಅವತ್ತ ಮಂದಿ ಮುಂದ ನಿನಗ ಶಾಲು ಹೊದಿಸಿ ಹುಟ್ಟು ಕಲಾವಿದ ಅನ್ನೂ ಬಿರುದು ಕೊಡಾಂವ ಅದೀನಿ.’

‘ಆತ್ರಿ ಸಾವಕಾರ್ರ. ಕೂತ ದೇವಿನೋ ನಿಂತ ದೇವಿನೋ?’

‘ಹತ್ತು ಕೈ ದೇವಿ.’

ಚಿತ್ರಗಾರ ಒಮ್ಮೆ ಗೋಡೆ ನೋಡಿದ, ಒಮ್ಮೆ ಸಾಹುಕಾರನನ್ನು ನೋಡಿದ. ಮನುಷ್ಯರಿಗೆ ಎರಡೆರಡು ಕೈ ಇದ್ದಾಗಲೇ ಅವನ ನಿದ್ದೆ ಹಾರಿತ್ತು. ಇವಳಿಗೆ ಹತ್ತು! ಒಂದೊಂದರಲ್ಲಿ ಒಂದೊಂದು ಆಯುಧ!

‘ಸಾವಕಾರ್ರ, ದೇವಿ ಕೈ ಹಿಂದ ಕಟಗೊಂಡು ಶಾಂತ ನಿಂತಂಗ ಬರದ್ರ ಹೆಂಗ್ರಿ?’

‘ಹತ್ತೂ ಕೈ ಹಿಂದ ಕಟಗೊಂಡು ಮಹಿಷಾಸುರನ್ನ ಹೆಂಗ ಕೊಲ್ತಾಳೋ? ತಲೀಲೇ ಹಾಯ್ತಾಳೇನು?’

‘ಹಂಗಲ್ರಿ, ಒಂದು ಶಾಲು ಹೊಚ್ಚಿ...’

‘ಯಾಕ, ಥಂಡಿ ಜ್ವರ ಬಂದಾವೇನು ದೇವಿಗೆ? ಕೌದಿನೂ ಹೊಚ್ಚಿ ಕಷಾಯ ಕುಡಿಸಿಬಿಡು!’

‘ಪಂಡಿತರು ಹೇಳ್ತಾರಲ್ರಿ, ಕೈ ಅಂದ್ರ ಅಹಂಕಾರ...’

‘ಏ, ಅದು ನಮಗ ನಿಮಗ. ದೇವಿಗೆ ಯಾಕ? ಹತ್ತು ಅಂದ್ರ ಹತ್ತು. ಎಣಿಸಿ ತಗೋತೀನಿ.’

ಗೋಡೆಗೆ ಪರದೆ ಕಟ್ಟಿಸಿದರು. ಘಟ್ಟದ ದಿನದ, ಅಂದರೆ ಘಟಸ್ಥಾಪನೆಯ ದಿನದ ತನಕ ಒಳಗೆ ಯಾರೂ ಇಣುಕಬಾರದು ಅಂತ ಸಾಹುಕಾರನ ಕಟ್ಟಪ್ಪಣೆ. ಒಂದೇ ತೊಡಕು. ಸಾಹುಕಾರನ ತಾಯಿಯ ತೂಗುಮಂಚ ಆ ಗೋಡೆಯ ಎದುರಿಗೇ ಇತ್ತು, ಪರದೆಯ ಒಳಗೆ. ‘ಎವ್ವಾ, ಸ್ವಲ್ಪ ದಿನಾ ಆ ಖೋಲಿಯೊಳಗ ಇರು’ ಅಂದ ಮಗ. ‘ಈ ತೂಗುಮಂಚ ಬಿಟ್ಟು ನಾ ಹೋಗೂದು ಒಮ್ಮೆ. ಅದೂ ನಾಕು ಮಂದಿ ಹೊತಗೊಂಡು’ ಅಂದಳು ಮುದುಕಿ. ಅಲ್ಲಿಗೆ ಮುದುಕಿಯೂ ಚಿತ್ರಗಾರನೂ ಒಂದೇ ಪರದೆಯೊಳಗೆ ಸಿಕ್ಕಿಬಿದ್ದರು.

ಅವನು ಬುದ್ಧಿ ಓಡಿಸಿದ. ಮೊದಲು ಮಹಿಷಾಸುರನನ್ನು ಬರೆದ. ಎಷ್ಟು ದೊಡ್ಡವನನ್ನು ಬರೆದನೆಂದರೆ, ಆ ಕೋಣ ಗೋಡೆಯ ಈ ತುದಿಯಿಂದ ಆ ತುದಿಗೆ ಮಲಗಿತು. ಅದರ ಬೆನ್ನಿನ ಮೇಲೆ ದೇವಿಯ ಮುಖ. ಆಹಾ, ಎಂಥ ಮುಖ! ಕಿರೀಟ, ಮೂಗುತಿ, ಉರಿಯುವ ಕಣ್ಣು. ಹತ್ತೂ ಕೈ ಕೋಣದ ಆಚೆಗೆ. ಕೆಲಸ ಮುಗಿದಂತೆಯೇ ಅಂದುಕೊಂಡು ಕುಂಚ ತೊಳೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು:

‘ಏ ತಮ್ಮಾ, ದೇವಿ ಎಮ್ಮಿ ಹಿಂಡಾಕ ಕುಂತಾಳೇನು?’

‘ಅಲ್ರಿ ಅವ್ವಾರ, ಅದು ಮಹಿಷಾಸುರ...’

‘ಅಂದ್ರ ಕ್ವಾಣ! ಕ್ವಾಣ ಹಿಂಡ್ತಾಳ!’

ಮುದುಕಿ ನಕ್ಕ ರಭಸಕ್ಕೆ ತೂಗುಮಂಚದ ಸರಪಳಿ ಕಿರುಗುಟ್ಟಿತು. ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡು ಅವಳು ಮಂಚದಿಂದ ಇಳಿದಳು, ಅವನ ಮುಂದೆ ಬಂದು ನಿಂತಳು.

‘ನಿನಗ ಕೈ ಬರಿಯಾಕ ಬರಂಗಿಲ್ಲ. ಹೌದಲ್ಲೋ?’

ಇಲ್ಲಿ ಮುದುಕಿ ಏನೋ ದೊಡ್ಡ ಬುದ್ಧಿಮಾತು ಹೇಳುತ್ತಾಳೆ ಅಂತ ಕಾಯುತ್ತಿದ್ದೀರಿ. ಕಥೆಯಲ್ಲಿ ಮುದುಕಿ ಬಂದರೆ ಬುದ್ಧಿ ಹೇಳಿಯೇ ಹೋಗಬೇಕು ಅಂತ ಯಾರೋ ನಿಮಗೆ ಕಲಿಸಿದ್ದಾರೆ. ಇವಳು ಅಂಥವಳಲ್ಲ. ಇವಳಿಗೆ ಒಂದೇ ಒಂದು ಸಿಟ್ಟಿತ್ತು. ಮೊದಲೊಮ್ಮೆ ಇದೇ ಚಿತ್ರಗಾರ ಇವಳ ಚಿತ್ರ ಬರೆದಿದ್ದ. ಪಾಟ್ಲಿ, ಬಿಲ್ವಾರ ಅಂತ ಹೊಸ ಬಂಗಾರದ ಬಳೆ ಹಾಕಿಕೊಂಡು ಕೈ ಮುಂದೆ ಚಾಚಿ ಕೂತಿದ್ದಳು. ಇವನು ಸೆರಗು ಬರೆದು ಎಲ್ಲವನ್ನೂ ಮುಚ್ಚಿಬಿಟ್ಟಿದ್ದ. ನೋಡಲು ಬಂದ ಅವಳ ತಂಗಿ, ‘ಪಾಟ್ಲಿ ಮಾರಿದೀ ಏನಕ್ಕಾ?’ ಅಂತ ಕೇಳಿಹೋಗಿದ್ದಳು. ಆ ಮಾತು ಮುದುಕಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

‘ಕೇಳು ತಮ್ಮಾ’ ಅಂದಳು. ‘ಈ ಕ್ವಾಣನ್ನ ಕಾಲಾಗ ಹಾಕು. ದೇವಿ ಕೈ ನನ್ನ ಕೈ ನೋಡಿ ಬರಿ, ಪಾಟ್ಲಿ ಸಮೇತ. ನನ್ನ ತಂಗಿ ಊಟಕ್ಕ ಬರ್ತಾಳ, ಅಕೀ ಕಣ್ಣಿಗೆ ಬೀಳಬೇಕು. ಬರೀಲಿಲ್ಲೋ, ಈಗ ಪರದೆ ಸರಿಸಿ ಊರಿಗೆಲ್ಲಾ ಕೂಗಿ ಹೇಳ್ತೀನಿ, ಇಂವಗ ಕೈ ಬರಂಗಿಲ್ಲಂತ.’

ಇದಕ್ಕೆ ಏನನ್ನುತ್ತಾರೆ? ಗುರೂಪದೇಶ ಅನ್ನುತ್ತಾರೆಯೇ? ಶುದ್ಧ ಬೆದರಿಕೆ! ಆದರೆ ನೋಡಿ, ಗುರು ಯಾವಾಗಲೂ ಕಾವಿ ತೊಟ್ಟೇ ಬರಬೇಕೆಂದಿಲ್ಲ. ಕೆಲವು ಸಲ ಪಾಟ್ಲಿ ತೊಟ್ಟೂ ಬರುತ್ತಾನೆ.

‘ಬರಂಗಿಲ್ರಿ ಅವ್ವಾರ’ ಅಂದ ಚಿತ್ರಗಾರ. ಈ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು.

‘ಬರಂಗಿಲ್ಲ ಅಂದ್ರ ಬರೀಬ್ಯಾಡ ಅಂತಲ್ಲ. ಬರಿ!’

ಅವನು ನೆಲದ ಮೇಲೆ ಇದ್ದಿಲಿನಿಂದ ಒಂದು ಕೈ ಬರೆದ. ‘ಬಾಳಿಗೊನಿ’ ಅಂದಳು ಮುದುಕಿ. ಇನ್ನೊಂದು ಬರೆದ. ‘ಹಸಿ ಶುಂಠಿ.’ ಮತ್ತೊಂದು. ‘ಇದು ಏಡಿ. ಸರಿ, ನಡೀತದಲ್ಲ, ಸುಧಾರಿಸೀ.’ ಮುದುಕಿಗೆ ದೂರುವುದರಲ್ಲಿ ಎಂಥ ಉತ್ಸಾಹ! ತಂಗಿಯನ್ನು ಬೈಯುವಾಗಲೂ ಅವಳು ಅಷ್ಟು ಸುಖಪಟ್ಟಿರಲಿಲ್ಲ. ‘ಹೆಬ್ಬಟ್ಟು ಎಲ್ಲೈತೋ? ಎಲ್ಲಾ ಬಟ್ಟೂ ಒಂದ ಸಾಲಿಗೆ ನಿಲ್ಲಿಸೀಯಲ್ಲ, ಪ್ರಾರ್ಥನಾಕ್ಕ ನಿಂತಾವೇನು?’

ಆಗ ಅವನು ಮುದುಕಿಯ ಕೈ ನೋಡಿದ. ಹೌದಲ್ಲ! ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ಇಲ್ಲ. ಅದು ಬೇರೆ ಕಡೆಯಿಂದ ಹೊರಡುತ್ತದೆ, ಮನೆಯವರ ಮೇಲೆ ಮುನಿಸಿಕೊಂಡು ಬೇರೆ ಬಾಗಿಲು ಇಟ್ಟುಕೊಂಡ ಮಗನ ಹಾಗೆ. ಇಷ್ಟು ವರ್ಷ ಅವನ ಕಣ್ಣೆದುರಿಗೇ, ಅವನ ಕುಂಚ ಹಿಡಿದುಕೊಂಡೇ ಈ ಹೆಬ್ಬೆರಳು ಇತ್ತು. ಅವನು ನೋಡಿಯೇ ಇರಲಿಲ್ಲ! ಬಚ್ಚಿಡುವವನು ನೋಡುವುದಿಲ್ಲ ಮಕ್ಕಳೇ. ಬಚ್ಚಿಡಲು ನೋಡುವ ಅಗತ್ಯವೇ ಇಲ್ಲ.

ಅಲ್ಲಿಂದ ಅವನಿಗೆ ಕೈಗಳ ಹುಚ್ಚು ಹಿಡಿಯಿತು. ಸಂತೆಗೆ ಹೋದರೆ ಮೆಣಸಿನಕಾಯಿ ನೋಡುತ್ತಿರಲಿಲ್ಲ, ತೂಗುವ ಕೈ ನೋಡುತ್ತಿದ್ದ. ಚಹಾದ ಅಂಗಡಿಯಲ್ಲಿ ಕಪ್ಪು-ಬಸಿ ಹಿಡಿದ ಬೆರಳುಗಳನ್ನೇ ನೋಡುತ್ತ ಕೂತರೆ, ಜನ ಉಂಗುರ ಕಳಚಿ ಒಳಜೇಬಿಗೆ ಹಾಕಿಕೊಂಡರು. ಪೈಲ್ವಾನ ಶಾಲಿನೊಳಗಿಂದ ಕೈ ತೆಗೆದು ಕಿವಿ ಕೆರೆದುಕೊಂಡಾಗ ಇವನು ಹತ್ತಿರ ಓಡಿಹೋಗಿ, ‘ಇನ್ನೊಮ್ಮೆ ಕೆರಕೋರಿ, ನಿಧಾನಕ’ ಅಂದ. ಪೈಲ್ವಾನ ಅಂಜಿಕೊಂಡ. ತನ್ನ ಜನ್ಮದಲ್ಲಿ ಯಾರಿಗೂ ಅಂಜದ ಪೈಲ್ವಾನ!

ಪರದೆಯ ಹೊರಗಿನಿಂದ ಸಾಹುಕಾರ ದಿನಾಲೂ ಕೂಗುತ್ತಿದ್ದ: ‘ಎವ್ವಾ, ಎಷ್ಟು ಕೈ ಆದೂ?’ ಕೈಯಾಗದಿದ್ದರೆ ಅವನು ಒಳಗೆ ಬರುವವನೇ. ಅದಕ್ಕಾಗಿ ಚಿತ್ರಗಾರ ಕಾಯದೆ, ಕೋಣವನ್ನು ಅಳಿಸಿ ದೇವಿಯ ಕಾಲಡಿಗೆ ಬರೆದು, ಬಂದಷ್ಟೇ ಬಂತೆಂದು, ಗೋಡೆಯ ಮೇಲೆ ಒಂದೊಂದೇ ಕೈಗೆ ಬಣ್ಣ ತುಂಬುತ್ತ ಹೋದ. ಮೊದಲನೆಯದು ತ್ರಿಶೂಲ ಹಿಡಿದ ಬಾಳೆಗೊನೆ. ಎರಡನೆಯದು ಚಕ್ರ ಹಿಡಿದ ಶುಂಠಿ. ಆಮೇಲಿನದರಲ್ಲಿ ಬೆರಳು ಇದ್ದವು, ಗೆಣ್ಣು ಇರಲಿಲ್ಲ. ಅದರ ಮುಂದಿನದರಲ್ಲಿ ಗೆಣ್ಣು ಬಂತು, ಉಗುರು ತಪ್ಪಿದವು. ಅದರಾಚೆಯದು ಬಿಲ್ಲನ್ನು ನಿಜವಾಗಿಯೂ ಹಿಡಿದುಕೊಂಡಿತ್ತು, ಬಿಲ್ಲು ಕೆಳಗೆ ಬೀಳುತ್ತದೆ ಅನಿಸಲಿಲ್ಲ. ಹೀಗೆ ಎಡಗಡೆಯಿಂದ ಬಲಗಡೆಗೆ ಬರಬರುತ್ತ, ಹತ್ತನೆಯದು, ಅಂಜಬೇಡ ಅಂತ ಮುಂದೆ ಚಾಚಿದ ಅಭಯಹಸ್ತ. ಮುದುಕಿಯ ಕೈ. ನರ ಉಬ್ಬಿದ, ನೆರಿಗೆ ಬಿದ್ದ, ಬೆರಳ ತುದಿ ಒಂಚೂರು ಸೊಟ್ಟಾದ, ಪಾಟ್ಲಿ ಬಿಲ್ವಾರ ತೊಟ್ಟ ಕೈ. ಅದನ್ನು ನೋಡಿದರೆ ತಲೆ ತಾನೇ ತಗ್ಗುತ್ತಿತ್ತು, ಆ ಕೈ ಇನ್ನೇನು ನೆತ್ತಿ ಮುಟ್ಟುತ್ತದೆ ಅನ್ನುವ ಹಾಗೆ.

ಘಟ್ಟದ ದಿನ ಬೆಳಗಾಯಿತು. ಹೊರಗೆ ಊರು ಕೂಡುತ್ತಿದೆ. ಒಗ್ಗರಣೆಯ ವಾಸನೆ ಬರುತ್ತಿದೆ. ಚಿತ್ರಗಾರ ಗೋಡೆಯ ಮುಂದೆ ನಿಂತಿದ್ದಾನೆ. ಬಟ್ಟಲಿನಲ್ಲಿ ಕೆಂಪು ಬಣ್ಣ ಕಲಸಿದ್ದಾನೆ. ಯಾಕೆ? ಗೊತ್ತಾಯಿತಲ್ಲ? ಶಾಲು! ಎಡ ಹೆಗಲಿನಿಂದ ಒಂದು ಕೆಂಪು ಶಾಲು ಇಳಿಬಿಟ್ಟರೆ ಬಾಳೆಗೊನೆ, ಶುಂಠಿ, ಗೆಣ್ಣಿಲ್ಲದ್ದು, ಉಗುರು ತಪ್ಪಿದ್ದು ಎಲ್ಲ ಮಾಯ. ಉಳಿದ ಕೈ ನೋಡಿ ಊರು ಬೆರಗಾಗುತ್ತದೆ. ಉಳಿದವು ಎಲ್ಲಿ ಅಂತ ಸಾಹುಕಾರ ಕೇಳಿದರೆ ಪಂಡಿತರು ಇದ್ದೇ ಇದ್ದಾರೆ. ಹುಟ್ಟು ಕಲಾವಿದ ಎಂಬ ಹೆಸರು ಜನ್ಮಪೂರ್ತಿ ಉಳಿಯುತ್ತದೆ. ಮುಚ್ಚದಿದ್ದರೆ? ಆ ಹೆಸರು ಇವತ್ತಿನ ಊಟಕ್ಕಿಂತ ಮುಂಚೆಯೇ ಹೋಗುತ್ತದೆ.

‘ಮುಚ್ಚಲ್ರಿ ಅವ್ವಾರ?’ ಅಂದ.

‘ಮುಚ್ಚತೀ ಮುಚ್ಚು, ಬಿಡತೀ ಬಿಡು. ನನ್ನ ಪಾಟ್ಲಿ ಮ್ಯಾಲ ಒಂದು ಹನಿ ಬಿದ್ದೀತು, ಹುಷಾರು’ ಅಂದಳು ಮುದುಕಿ. ಕೊನೆಯ ತನಕ ಬುದ್ಧಿಮಾತು ಹೇಳಲಿಲ್ಲ ನೋಡಿ, ಗಟ್ಟಿಗಿತ್ತಿ!

ಅವನು ಕುಂಚ ಎತ್ತಿದ. ಮೊದಲನೆಯ ಕೈ ನೋಡಿದ. ಹತ್ತನೆಯ ಕೈ ನೋಡಿದ. ಮತ್ತೆ ಮೊದಲನೆಯದು. ಆಗ ಅವನಿಗೆ ಒಂದು ವಿಚಿತ್ರ ಅನಿಸಿತು. ದೇವಿಯ ಮುಖ ಅಷ್ಟು ಚೆನ್ನಾಗಿತ್ತಲ್ಲ, ಅದು ಅವನಿಗೆ ಯಾರೋ ಕೊಟ್ಟುಹೋದ ವಸ್ತುವಿನ ಹಾಗೆ ಕಂಡಿತು. ಕೇಳದೆ ಬಂದದ್ದು, ಕಷ್ಟಪಡದೆ ಬಂದದ್ದು. ಆದರೆ ಆ ಹತ್ತನೆಯ ಕೈ? ಅದು ಅವನದು. ಒಂದೊಂದು ಗೆಣ್ಣೂ ಅವನದು. ಅದು ತನ್ನದು ಅನ್ನುವುದಕ್ಕೆ ಸಾಕ್ಷಿ ಯಾವುದು? ಆ ಬಾಳೆಗೊನೆ! ಬಾಳೆಗೊನೆಯನ್ನು ಮುಚ್ಚಿದರೆ ಈ ಕೈಯೂ ಆಕಾಶದಿಂದ ಬಿದ್ದದ್ದಾಗುತ್ತದೆ. ಮತ್ತೆ ಹುಟ್ಟುತ್ತಲೇ ಬಂದದ್ದಾಗುತ್ತದೆ.

ಬಟ್ಟಲನ್ನು ಕೆಳಗಿಟ್ಟು ಹೊರಗೆ ಕೂಗಿದ: ‘ಎಳೀರಿ ಪರದೆ!’

ಪರದೆ ಸರಿಯಿತು. ಊರು ನೋಡಿತು. ಮೊದಲು ಬಲಗಡೆ ನೋಡಿದವರು ಕೈ ಮುಗಿದರು, ಶಾಲಿನೊಳಗಿಂದ ಕೈ ಹೊರಗೆ ತೆಗೆದು, ಅಹಂಕಾರ ಮರೆತು. ಎಡಗಡೆ ನೋಡಿದವರು ನಕ್ಕುಬಿಟ್ಟರು. ‘ಬಾಳಿಹಣ್ಣು! ದೇವಿ ತ್ರಿಶೂಲಕ್ಕ ಬಾಳಿಹಣ್ಣು ಚುಚ್ಯಾಳ!’ ಸಾಹುಕಾರ ಕೆಂಪಾದ, ಹಳದಿಯಾದ. ಕೂಡಲೇ ಪಂಡಿತರು ಎದ್ದು ಗಂಟಲು ಸರಿಪಡಿಸಿಕೊಂಡು, ‘ಬಾಳೆ ಸಮೃದ್ಧಿಯ ಸಂಕೇತ. ಶುಂಠಿ ಆರೋಗ್ಯದ...’ ಅಂತ ಶುರುಮಾಡಿದರು.

‘ಸಂಕೇತ ಪಂಕೇತ ಏನಿಲ್ರಿ ಪಂಡಿತರ’ ಅಂದ ಚಿತ್ರಗಾರ. ‘ಅದನ್ನ ಬರಿಯೂ ಮುಂದ ನನಗ ಕೈ ಬರ್ತಿದ್ದಿಲ್ಲ. ಇದನ್ನ ಬರಿಯೂ ಮುಂದ ಬಂತು. ನಡುವ ಇರೂ ಕೈ ಎಲ್ಲಾ, ಬರ್ತಿದ್ದಿಲ್ಲ ಅನ್ನೂದರಿಂದ ಬಂತು ಅನ್ನೂತನಕ ನಡದ ಹಾದಿ. ಇಷ್ಟು ದಿನಾ ನಿಮ್ಮ ಕೈ ಎಲ್ಲಾ ಯಾಕ ಮುಚ್ಚಿದ್ದೆ ಅಂದ್ರ, ನನಗ ಅಂಜಿಕಿ ಇತ್ರಿ.’

‘ಅಂದ್ರ ಇಂವ ಹುಟ್ಟು ಕಲಾವಿದ ಅಲ್ಲ?’ ಅಂದ ಯಾರೋ. ‘ಅಲ್ಲ’ ಅಂದ ಚಿತ್ರಗಾರ. ಬಿರುದಿನ ಶಾಲು ಹಿಡಿದು ನಿಂತಿದ್ದ ಸಾಹುಕಾರನಿಗೆ ಅದನ್ನು ಹೊದಿಸಬೇಕೋ ಮಡಚಬೇಕೋ ತಿಳಿಯಲಿಲ್ಲ. ಮುದುಕಿಯೇ ಬಂದು, ‘ತಾ ಇಲ್ಲಿ, ನನಗ ಥಂಡಿ ಆಗೈತಿ’ ಅಂತ ಕಸಿದುಕೊಂಡು ತಾನೇ ಹೊದ್ದಳು. ಹೊದ್ದವಳು, ಕೈ ಮಾತ್ರ ಹೊರಗಿಟ್ಟು, ಹತ್ತನೆಯ ಕೈಯ ಕೆಳಗೆ ಹೋಗಿ ನಿಂತು, ಪಾಟ್ಲಿಗೆ ಪಾಟ್ಲಿ ಹೊಂದಿಸಿ ಹಿಡಿದು, ಗುಂಪಿನಲ್ಲಿದ್ದ ತಂಗಿಗೆ ಹೇಳಿದಳು: ‘ನೋಡಿದಿ? ಮಾರಿಲ್ಲ.’

ಆಗ ಗುಂಪಿನೊಳಗಿಂದ ಪೈಲ್ವಾನ ದಾರಿ ಮಾಡಿಕೊಂಡು ಬಂದ. ಹೊಡೆಯುತ್ತಾನೆ ಅಂದುಕೊಂಡು ಚಿತ್ರಗಾರ ಕಣ್ಣು ಮುಚ್ಚಿದ. ಪೈಲ್ವಾನ ಅವನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ, ನಾಚಿಕೊಂಡು ಅಂದ: ‘ನನ್ನ ಕೈ ಜ್ವಾಳದ ಚೀಲದಿಂದ ಹೊರಗ ತಗೀತೀಯೇನಪಾ? ಮನ್ಯಾಗ ಹುಡುಗೂರು ನಗ್ತಾವ.’ ಅವನ ಹಿಂದೆ ಗೌಳಿಗಿತ್ತಿ: ‘ಆ ಕರಾ ಸರಿಸಪಾ ಯಣ್ಣಾ.’ ಅವಳ ಹಿಂದೆ ಬಳೆಗಾರ, ತಬಲಾದವನು. ಊಟದ ಸಾಲಿಗಿಂತ ಆ ಸಾಲೇ ಉದ್ದವಾಯಿತು. ಅಷ್ಟು ಕೈ! ಆದರೂ ಚಿತ್ರಗಾರ ನಗುತ್ತಿದ್ದ. ‘ಬರಿತೀನ್ರಿ. ಪೈಲ್ವಾನರ ಮುಷ್ಟಿ ಒಂದೆರಡು ಸಲ ಕೆಡತೈತಿ, ಸಿಟ್ಟಾಗಬ್ಯಾಡ್ರಿ’ ಅಂದ.

ಕಥೆ ಇಲ್ಲಿಗೆ ಮುಗಿಯಿತು. ಚಪ್ಪಾಳೆ ಬೇಡ, ಕೈ ಸ್ವಲ್ಪ ಹಾಗೇ ಇರಲಿ.

ಉಳಿಸಿಕೊಳ್ಳಿ ಅಂದಿದ್ದೆನಲ್ಲ, ಆ ನಗೆ ಎಲ್ಲಿದೆ? ತೆಗೆಯಿರಿ. ಬೆಳಿಗ್ಗೆ ನಾನು ಸ್ವಲ್ಪ ಬೇಗ ಬಂದೆ. ಗುರುಗಳು ಸ್ನಾನದಲ್ಲಿದ್ದರು. ನಿಮ್ಮ ಶಾಲೆಯ ಪ್ರದರ್ಶನವನ್ನು ಒಬ್ಬನೇ ಸುತ್ತಿ ನೋಡಿದೆ. ಒಳ್ಳೆಯ ಚಿತ್ರಗಳು. ರೈತನೊಬ್ಬ ನಿಂತಿದ್ದಾನೆ: ಕೈ ಬೆನ್ನ ಹಿಂದೆ. ತಾಯಿ ನಿಂತಿದ್ದಾಳೆ: ಕೈ ಸೆರಗಿನೊಳಗೆ. ಸೈನಿಕ ನಿಂತಿದ್ದಾನೆ: ಎರಡೂ ಕೈ ಜೇಬಿನಲ್ಲಿ, ಗಡಿ ಕಾಯುತ್ತಿದ್ದಾನೋ ಬಸ್ಸು ಕಾಯುತ್ತಿದ್ದಾನೋ ತಿಳಿಯಲಿಲ್ಲ. ಕುದುರೆಗಳೆಲ್ಲ ಹುಲ್ಲಿನಲ್ಲಿ ನಿಂತಿವೆ, ಗೊರಸು ಕಾಣದಷ್ಟು ಎತ್ತರದ ಹುಲ್ಲು. ಇಡೀ ನಮ್ಮ ಸೀಮೆಯಲ್ಲಿ ಅಷ್ಟು ಹುಲ್ಲು ಬೆಳೆದದ್ದನ್ನು ನಾನು ನೋಡಿಲ್ಲ.

ಈಗ ಯಾಕೆ ತಲೆ ತಗ್ಗಿಸುತ್ತೀರಿ? ಎತ್ತಿ. ಆ ಸೈನಿಕ ಯಾರದು? ನಿನ್ನದಾ ಫಕೀರೇಶಿ? ಕೂತುಕೋ ಕೂತುಕೋ, ಎದ್ದು ನಿಂತು ನೀನೂ ಜೇಬಿಗೆ ಕೈ ಹಾಕಬೇಡ.

ನಿಮಗೆ ಕೈ ಬರುವುದಿಲ್ಲ. ಅದು ದೊಡ್ಡ ವಿಷಯವಲ್ಲ. ಬಾರದ್ದು ಬರುತ್ತದೆ, ಬರೆದರೆ. ಬಚ್ಚಿಟ್ಟದ್ದು ಮಾತ್ರ ಯಾವತ್ತೂ ಬರುವುದಿಲ್ಲ. ‘ನನಗ ದೇವರು ಕೊಟ್ಟಿಲ್ರಿ’ ಅಂತ ನಿಮ್ಮಲ್ಲಿ ಎಷ್ಟೋ ಮಂದಿ ಗುರುಗಳ ಮುಂದೆ ಅತ್ತಿದ್ದೀರಂತೆ. ದೇವರು ಇದ್ದಿಲು ಕೊಟ್ಟಿದ್ದಾನೆ, ನೆಲ ಕೊಟ್ಟಿದ್ದಾನೆ, ನೋಡಲು ಪಕ್ಕದವನ ಹೆಬ್ಬೆರಳು ಕೊಟ್ಟಿದ್ದಾನೆ. ಇನ್ನೇನು ಕೊಡಬೇಕು? ಅವನೇ ಬಂದು ಬರೆದುಕೊಡಲೇ? ಇನ್ನು ಕೆಲವರು ಅಳುವುದಿಲ್ಲ, ಯಾಕೆಂದರೆ ಅವರಿಗೆ ಎಲ್ಲ ಬರುತ್ತದೆ ಅಂತ ಹೆಸರಿದೆ. ನನಗೆ ಹೆಚ್ಚು ಚಿಂತೆ ಅವರದ್ದೇ. ನೀಲಗಂಗಾ, ನೀನು ಪಾರಿವಾಳ ಅಷ್ಟು ಚೆಂದ ಬರೆಯುತ್ತೀಯಂತೆ. ಹೋದ ವರ್ಷವೂ ಪಾರಿವಾಳ, ಈ ವರ್ಷವೂ ಪಾರಿವಾಳ. ಸಾಕು ತಂಗಿ, ಪಾಪ ಅದನ್ನು ಹಾರಲು ಬಿಡು. ಒಂದು ಕೆಟ್ಟ ಕತ್ತೆ ಬರಿ.

ಹಿಂದೆ ಕೂತ ತಾಯಂದಿರಿಗೂ ಒಂದು ಮಾತು. ಮಗು ಚಿತ್ರ ತಂದು ತೋರಿಸಿದಾಗ ‘ಇವಗ ಹುಟ್ಟತಲೇ ಬಂದೈತಿ’ ಅನ್ನಬೇಡಿ, ಕೈ ಮುಗಿಯುತ್ತೇನೆ. ‘ಈ ಮೂಗನ್ನ ಹೆಂಗ ಬರದಿ?’ ಅಂತ ಕೇಳಿ. ಹೇಳಲು ಅದರ ಹತ್ತಿರ ಒಂದು ಕಥೆಯಿರುತ್ತದೆ. ಗುರುಗಳೇ, ನೀವೂ ಕೇಳಿಸಿಕೊಳ್ಳಿ: ಮುಂದಿನ ವರ್ಷದ ಪ್ರದರ್ಶನದಲ್ಲಿ ಪ್ರತಿಯೊಬ್ಬರ ಒಳ್ಳೆಯ ಚಿತ್ರದ ಪಕ್ಕದಲ್ಲಿ ಅವರ ಬಾಳೆಗೊನೆಯೂ ತೂಗಬೇಕು. ಅದೇ ಅಳತೆಯ ಚೌಕಟ್ಟು ಹಾಕಿಸಿ, ಸಣ್ಣದಲ್ಲ.

ಇನ್ನು ಇವತ್ತಿನ ಮಾತು. ಒಳಗೆ ಗೋಧಿ ಹುಗ್ಗಿ ತಯಾರಿದೆ, ವಾಸನೆ ನನಗೂ ಬರುತ್ತಿದೆ. ಪ್ರಸಾದದ ಸಾಲಿಗೆ ಬರುವ ಮುಂಚೆ ಎಲ್ಲರೂ ನಿಮ್ಮ ಬಲಗೈಯಿಂದ ನಿಮ್ಮ ಎಡಗೈ ಬರೆಯಬೇಕು. ಹಾಳೆ ಇಲ್ಲದವರು ನೆಲದ ಮೇಲೆ ಬರೆಯಿರಿ. ನಾನೇ ಬಡಿಸುತ್ತೇನೆ, ನೋಡಿ ಬಡಿಸುತ್ತೇನೆ. ಚೆನ್ನಾಗಿ ಬರೆದವರಿಗೆ ಒಂದು ಸೌಟು. ಬಾಳೆಗೊನೆ ಬರೆದವರಿಗೆ ಎರಡು. ಶಾಲು ಬರೆದು ತಂದವರು ಶಾಲನ್ನೇ ಊಟ ಮಾಡಲಿ.

ಏನಂದಿ ಫಕೀರೇಶಿ? ಗಟ್ಟಿಯಾಗಿ ಹೇಳು. ‘ಅಜ್ಜಾರ, ನೀವೂ ಬರೀರಿ’? ಆಹಾ, ಇವನ ಕೈ ಜೇಬಿನಿಂದ ಬಂತು ನೋಡಿ, ನೇರ ನನ್ನ ಕುತ್ತಿಗೆಗೇ ಬಂತು!

ಆಗಲಿ. ತನ್ನಿ ಬಳಪ. ಆ ಕರಿಹಲಗೆ ಇತ್ತ ತಿರುಗಿಸಿ. ನಗಬಾರದು ಅಂತ ನಾನು ಹೇಳುವುದಿಲ್ಲ. ಇದು ಅಂಗೈ. ಇದು ಹೆಬ್ಬೆರಳು, ಬೇರೆ ಬಾಗಿಲಿನದು. ಇದು ತೋರುಬೆರಳು... ಇದು... ಇದು... ಇದು... ಇದು... ಆಯಿತು. ಹೇಗಿದೆ?

ಏನು? ಆರಾ? ಎಣಿಸೋಣ ತಡಿ. ಹೌದಲ್ಲ, ಆರು ಬೆರಳಾಗಿವೆ.

ಬೇಡ ತಂಗಿ, ಡಸ್ಟರ್ ಅಲ್ಲೇ ಇಡು. ಒರೆಸುವುದು ಬೇಡ. ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಇದೆ.